ಗಾಜಿನ ಕಪಾಟಿನ ಮೋಟಾರು ಮತ್ತು ಶಿವಾನಿಯ ಹಾಲ್ ಟಿಕೆಟ್

ತರಬೇತಿ ಇಲಾಖೆಯ ವಿಭಾಗೀಯ ಅಧಿಕಾರಿಗಳಿಗೆ,

ಮಾನ್ಯರೇ,

ಚಚಡಿಯಿಂದ ಬಂದು ಎಲೆಕ್ಟ್ರಿಷಿಯನ್ ಕಲಿಯುತ್ತಿರುವ ಶಿವಾನಿ ಎಂಬ ಹುಡುಗಿಯ ಹಾಲ್ ಟಿಕೆಟ್ಟನ್ನು ತಡೆಹಿಡಿಯಲಾಗಿದೆ. ಅವಳ ಅಪರಾಧ, ಐಟಿಐಯಲ್ಲಿ ಮೋಟಾರೊಂದನ್ನು ಬಿಚ್ಚಿದ್ದು. ದೂರು ಕೊಟ್ಟ ಮಹಾನುಭಾವ ನಾನೇ. ಆ ದೂರು ಸುಳ್ಳು. ಇದನ್ನು ಖಾಸಗಿಯಾಗಿ ತಿಳಿಸಿದರೆ ನಿಮ್ಮ ಕಡತದೊಳಗೆ ಸುಖವಾಗಿ ಮಲಗೀತೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಊರವರ ಪಂಪ್‌ಸೆಟ್ಟುಗಳನ್ನು ಸುಟ್ಟು ಸುಟ್ಟೇ ರಿಪೇರಿ ಕಲಿತವನು. ಈಗ ಸವದತ್ತಿಯಲ್ಲಿ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ನನ್ನದೇ ರಿವೈಂಡಿಂಗ್ ಅಂಗಡಿಯಿದೆ. ಆ ಅರ್ಹತೆಯ ಮೇಲೆ ನಮ್ಮ ಕಡೆಯ ಒಂದು ಐಟಿಐ ನನ್ನನ್ನು ಸಲಹಾ ಸಮಿತಿಗೆ ಸೇರಿಸಿಕೊಂಡಿತು. ಓದದವನನ್ನು ಓದುವವರ ತಲೆಯ ಮೇಲೆ ಕೂರಿಸುವುದಕ್ಕೆ ಧೈರ್ಯ ಬೇಕು. ಕೂರುವುದಕ್ಕೆ ಏನೂ ಬೇಕಾಗಲಿಲ್ಲ.

ಮೊನ್ನೆ ನಿಮ್ಮ ಕಚೇರಿಯಿಂದ ನಲವತ್ತೆರಡು ಪ್ರಶ್ನೆಗಳ ನಮೂನೆ ಬಂತು. ವಿದ್ಯಾರ್ಥಿಗಳಿಗೆ ಕಲಿಕೆಯಲ್ಲಿ ಆಸಕ್ತಿ ಏಕಿಲ್ಲ? ಗುರುತು ಹಾಕಲು ಚೌಕಗಳಿದ್ದವು: ಮೊಬೈಲು, ಮನೆಯ ಪರಿಸ್ಥಿತಿ, ಬಸ್ಸಿನ ತೊಂದರೆ, ಸೋಮಾರಿತನ. 'ಸಮಿತಿಯ ಸದಸ್ಯರು' ಎಂಬ ಚೌಕವೇ ಇರಲಿಲ್ಲವಾದ್ದರಿಂದ ಉತ್ತರವನ್ನು ಇಲ್ಲಿ ಬರೆಯಬೇಕಾಗಿದೆ.

ಎರಡು ವರ್ಷದ ಹಿಂದೆ ಆ ಸಂಸ್ಥೆಗೆ ನಾನೊಂದು ಮೋಟಾರು ದಾನ ಮಾಡಿದೆ. ಅದರ ಮೇಲೆ ಕಂಪನಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆಸಿದೆ. ಪಾಠ ಮಾಡುವ ಮಡಿವಾಳೆಪ್ಪ ಮಾಸ್ತರರಿಗೆ, "ಸರ, ಬಣ್ಣಕ್ಕ ಒಂದು ಗೀರೂ ಬೀಳಬಾರದ್ರಿ" ಎಂದೆ. ಪಾಪ, ಅವರು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಪ್ರತಿವರ್ಷ ದಸರೆಯ ಖಂಡೆಪೂಜೆಗೆ ಅದಕ್ಕೆ ವಿಭೂತಿ, ಚೆಂಡು ಹೂವು. ಉಳಿದ ದಿನ ಮಕ್ಕಳು ಗಾಜಿನಾಚೆ ನಿಂತು ಅದರ ಚಿತ್ರ ಬರೆದುಕೊಂಡರು. ಮೋಟಾರಿನ ಹೊಟ್ಟೆಯನ್ನು ಒಬ್ಬರೂ ಕಾಣದೆ ಎಲ್ಲರೂ ಪೂರ್ಣಾಂಕ ಪಡೆದರು.

ಅಂಗಡಿಕಾರನಿಗೆ ಎಣಿಸುವ ಚಟ. ಒಂದು ಮಂಗಳವಾರ ಹೋಗಿ ಎಣಿಸಿದೆ. ಹಾಜರಿ ಪುಸ್ತಕದಲ್ಲಿ ಇಪ್ಪತ್ತೊಂದು, ವರ್ಕ್‌ಶಾಪಿನಲ್ಲಿ ನಾಲ್ಕು. ಅದರಲ್ಲಿ ಎರಡು ನಿದ್ದೆಯಲ್ಲಿ. ಮಿಕ್ಕವರು ಬಸ್ ನಿಲ್ದಾಣದಲ್ಲಿ. ಈಗಿನ ಹುಡುಗರ ಬಗ್ಗೆ ಭಾಷಣ ಶುರು ಮಾಡುವಷ್ಟರಲ್ಲಿ ಶಿವಾನಿ ಕೇಳಿದಳು:

"ಕಾಕಾ, ಈ ಮೋಟಾರ್ ಬಿಚ್ಚೂದು ಯಾವಾಗ್ರಿ?"

"ಅದು ಬಿಚ್ಚಾಕ ಅಲ್ಲವ್ವಾ, ನೋಡಾಕ."

"ನೋಡಾಕ ನಮ್ಮೂರಾಗ ಹಳೇ ಕಾಲದ ದೊಡ್ಡ ವಾಡೆ ಐತ್ರಿ. ಅದಕ್ಕ ಬಸ್ಸು ಹತ್ತಿ ಇಲ್ಲೀತನಕ ಯಾಕ ಬರಬೇಕ್ರಿ?"

ಮಲಗಿದ್ದವರೂ ಎದ್ದು ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಹೋದ ತಿಂಗಳು ಸಮಿತಿಯ ಸಭೆ. ವಿಷಯ: ಆಸಕ್ತಿ ಹೆಚ್ಚಿಸುವ ಬಗೆ. ಮಾಸ್ತರರನ್ನೆಲ್ಲ ಕೂಡಿಸಿಕೊಂಡು ನಾನು ಒಂದೂವರೆ ತಾಸು ಮಾತಾಡಿದೆ. ಅಷ್ಟರಲ್ಲಿ ಶಿವಾನಿ ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡು ಕಪಾಟು ತೆರೆದು ಮೋಟಾರು ಬಿಚ್ಚಿದ್ದಳು. ಸುದ್ದಿ ಫೋನಿನಲ್ಲಿ ಬಸ್ ನಿಲ್ದಾಣಕ್ಕೆ ಮುಟ್ಟಿತ್ತು. ನಾವು ಬಂದು ನೋಡಿದರೆ ಹತ್ತೊಂಬತ್ತು ಮಂದಿ ನೆಲದ ಮೇಲೆ ತಲೆಗೆ ತಲೆ ಕೊಟ್ಟು ಕುಳಿತಿದ್ದಾರೆ! ಕರೆಯದೆ ಬಂದವರು, ಹಾಜರಿ ಇಲ್ಲದೆ ಕುಳಿತವರು. ನನ್ನತ್ತ ಒಬ್ಬರೂ ತಿರುಗಲಿಲ್ಲ. "ಸರೀರಿ, ಬೆಳಕಿಗೆ ಅಡ್ಡ ಆಗೇರಿ" ಎಂದ ಸಾಜಿದ್ ಎಂಬ ಹುಡುಗ, ನಾನು ಯಾರೆಂದು ನೋಡದೆಯೇ.

ಬಗ್ಗಿ ನೋಡಿದ ಮಡಿವಾಳೆಪ್ಪ ಮಾಸ್ತರರು ಮೆತ್ತಗೆ ಕೇಳಿದರು: "ಸಾವಕಾರ್ರ, ವೈಂಡಿಂಗ್ ಪೂರಾ ಸುಟ್ಟೈತಲ್ಲರಿ?"

"ಈಗ ಸುಟ್ಟಾಳ್ರಿ ಈಕಿ!" ಎಂದು ಕೂಗಿದೆ.

ಶಿವಾನಿ ತಲೆಯೆತ್ತಿದಳು. "ಕಾಕಾ, ಕರೆಂಟಿಗೆ ಹಚ್ಚೇ ಇಲ್ರಿ. ಹೆಂಗ ಸುಡತೈತಿ?"

ಇಪ್ಪತ್ತಾರು ವರ್ಷ ಮೋಟಾರು ಬಿಚ್ಚಿದ ಈ ಅನುಭವಸ್ಥ ಆ ಪ್ರಶ್ನೆಗೆ ಉತ್ತರವನ್ನು ಕಾಗದದಲ್ಲಿ ಕೊಟ್ಟ. ಅಂದೇ ಕುಳಿತು, ಸುಸ್ಥಿತಿಯಲ್ಲಿದ್ದ ಮೋಟಾರನ್ನು ಹಾಳು ಮಾಡಿದಳೆಂದು ದೂರು ಬರೆದ. ಆ ಮೋಟಾರು ನನ್ನ ಅಂಗಡಿಯಲ್ಲೇ ಸುಟ್ಟದ್ದು. ಗಿರಾಕಿ ಬಿಟ್ಟುಹೋದದ್ದು. ರಿಪೇರಿಗೆ ಬೇಸರಪಟ್ಟು ಬಣ್ಣ ಬಳಿದು ದಾನ ಮಾಡಿದೆ. ಬಿಚ್ಚಬೇಡಿ ಎಂದದ್ದು ಬಣ್ಣದ ಕಾಳಜಿಯಿಂದ ಅಲ್ಲ.

ಮಾನ್ಯರೇ, ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ಇನ್ನೆಷ್ಟು ಚೌಕ ತುಂಬಿಸುತ್ತೀರಿ? ಆಸಕ್ತಿಗೆ ಬೀಗ ಹಾಕಿ ಕೀಲಿಯನ್ನು ಮೊಳೆಗೆ ತೂಗುಹಾಕಿದವರು ನಾವಲ್ಲವೇ? ಇದ್ದಕ್ಕಿದ್ದಂತೆ ಒಬ್ಬಳು ಕಲಿಯಲು ಹೊರಟರೆ ಅದನ್ನು ಗುರುತಿಸಲು ನಮಗೆ ಗೊತ್ತಿದ್ದ ನಮೂನೆ ದೂರು ಒಂದೇ ಆಯಿತಲ್ಲ?

ದೂರು ಹಿಂತೆಗೆದುಕೊಂಡಿದ್ದೇನೆ. ತಪ್ಪಿತಸ್ಥನ ಹೆಸರು ಬರೆಯಲೇಬೇಕಾದ ಜಾಗವಿದ್ದರೆ ನನ್ನದನ್ನು ಬರೆಯಿರಿ, ಸಮಿತಿಯಿಂದಲೂ ತೆಗೆಯಿರಿ. ಶಿವಾನಿಯ ಪರೀಕ್ಷೆ ಹದಿನೆಂಟನೇ ತಾರೀಖಿಗೆ. ಇಂದು ಒಂಬತ್ತು. ಹಾಲ್ ಟಿಕೆಟ್ ಪರೀಕ್ಷೆಗೆ ಮುಂಚೆ ಅವಳ ಕೈಯಲ್ಲಿರಬೇಕು. ದಯವಿಟ್ಟು ಇದಕ್ಕೊಂದು ವಿಚಾರಣಾ ಸಮಿತಿ ಮಾಡಬೇಡಿ. ಮಾಡಿದರೆ ಅದಕ್ಕೂ ಅನುಭವಸ್ಥನೆಂದು ನನ್ನನ್ನೇ ಕರೆದೀರಿ.

ಇಂತಿ,
ಸುಳ್ಳನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟ,
ವಿರೂಪಾಕ್ಷ
ಮೋಟಾರ್ ರಿವೈಂಡಿಂಗ್ ಅಂಗಡಿ, ಸವದತ್ತಿ