ಬೆಲ್ಟಿನ ಕೊನೆಯ ಕೆಸರು

ಪಿಂಪ್ರಿ,
ಶುಕ್ರವಾರ

ಮಲ್ಲಿನಾಥ ಅವರಿಗೆ ಮಹಾನಂದಾಳ ನಮಸ್ಕಾರ.

ನಮ್ಮ ಮದುವೆ ನಿಶ್ಚಯವಾದ ಮೇಲೂ ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀವು ಕೊಳ್ಳಬೇಕೆಂದಿರುವ ಹಳೆಯ ಕಾರನ್ನು ಮೊನ್ನೆ ತೋರಿಸಲು ತಂದು ನನ್ನನ್ನು ಒಳಗೆ ಕೂರಿಸಿದಿರಿ. ನಾನು ಸೀಟಿನ ಬೆಲ್ಟನ್ನು ಪೂರ್ತಿ ಎಳೆದಾಗ ನಿಮ್ಮವ್ವ, "ಏನವ್ವಾ, ನನ್ನ ಮಗನ ಮ್ಯಾಲ ಭರೋಸಾ ಇಲ್ಲೇನ? ಈಗ್ಲೇ ಕಟ್ಕೊಂಡ ಕುಂತಿ!" ಎಂದು ನಕ್ಕರು. ಬೆಲ್ಟಿನ ಕೊನೆಯಲ್ಲಿ ಒಣಗಿದ ಕೆಸರಿತ್ತು. ಸೀಟಿನ ಕವರು ಮಾತ್ರ ಹೊಸದು. ನಿಮ್ಮ ಖುಷಿ ನೋಡಿ ಆಗ ನಾನು ಸುಮ್ಮನಾದೆ.

ಅಪ್ಪ ಕಾರಿನ ಸೀಟು ಹೊಲಿಯುವವರಲ್ಲವೇ? ಮಳೆಗಾಲದಲ್ಲಿ ನೀರಲ್ಲಿ ಮುಳುಗಿದ ಗಾಡಿಗಳು ನಮ್ಮ ಅಂಗಡಿಗೆ ಬರುತ್ತವೆ, ಅವುಗಳ ಕವರು ಬಿಚ್ಚುವವಳು ನಾನೇ. ಅವುಗಳ ಬೆಲ್ಟಿನ ಕೊನೆಯಲ್ಲೂ ಇಂಥದೇ ಕೆಸರಿರುತ್ತದೆ. ಅಂಥ ಗಾಡಿಗಳು ಕೆಲವು ದಿನ ಚೆನ್ನಾಗಿ ಓಡಿ, ಆಮೇಲೆ ನಡುದಾರಿಯಲ್ಲಿ ನಿಂತುಬಿಡುತ್ತವೆ. ನೀವೋ ಹಿಂಜವಾಡಿಯಲ್ಲಿ ಕ್ಯಾಬ್ ಓಡಿಸುವ ಕೆಲಸ ಬಿಟ್ಟು ಇದನ್ನೇ ನಂಬಿ ಬಾಡಿಗೆ ಓಡಿಸುವವರು. ಭಾನುವಾರ ಮುಂಗಡ ಕೊಡಬೇಡಿ. ನಿಮ್ಮವ್ವ ಆಗಲೇ ಪೇಢೆ ಹಂಚಿದ್ದಾರೆ. ದಯವಿಟ್ಟು ಅವರಿಗೆ ನನ್ನ ಹೆಸರು ಹೇಳಬೇಡಿ.

ಬೇರೆ ಗಾಡಿ ನೋಡುವಾಗ ಮಾರುವವರಿಗೆ ಮೊದಲೇ ತಿಳಿಸದೆ ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ. ಓಡಿಸಿ ನೋಡುವಾಗ ಹಿಂದಿನ ಸೀಟಿನಲ್ಲೂ ಯಾರಾದರೂ ಇರಬೇಕು, ಅಲ್ಲಿನ ಸದ್ದು ಮುಂದೆ ಕೂತವರಿಗೆ ಕೇಳುವುದಿಲ್ಲ. ನನ್ನ ತಮ್ಮನನ್ನೂ ಜೊತೆಗೆ ಕರೆದರೆ ಅಪ್ಪ ನನ್ನನ್ನು ನಿಮ್ಮೊಂದಿಗೆ ಕಳಿಸುತ್ತಾರೆ.

ಇಂತಿ,
ಮಹಾನಂದಾ