ಅಕ್ಷದ ಮೇಲೆ ಉಳಿದ ಹಳೆಯ ಅಳತೆ

ಕಡಲಗೋಡೆಯ ಊರು, ಕಾರವಾರದ ದಕ್ಷಿಣಕ್ಕೆ
ಕ್ರಿ.ಶ. ೨೪೧೨, ಶ್ರಾವಣ ಮೂವತ್ತೆರಡು

ಹಿಂದಿನವರೇ,

ಇಂಥ ದಿನ ನಿಮ್ಮ ಪಂಚಾಂಗದಲ್ಲಿಲ್ಲ. ನನ್ನ ಮಾತಿನಲ್ಲೂ ನಿಮಗೆ ಒಗ್ಗದ ಪದಗಳಿರಬಹುದು, ಕ್ಷಮಿಸಿ. ಯಂತ್ರಗಳನ್ನು ನಡೆಸುವ ತಂತ್ರಾಂಶವನ್ನು ಮೊದಲು ಬರೆದವರು ನೀವೆಂದು ಓದಿದ್ದೇನೆ. ಅದಕ್ಕೇ ಈ ಪತ್ರ ನಿಮಗೆ.

ನಮ್ಮ ಊರು ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಒಂದು ಗೋಡೆ ನೀರನ್ನು ತಡೆದಿದೆ. ಅದರ ನೆರಳು ಬೀಳುವುದರಿಂದ ಮೀನನ್ನು ಮಾಳಿಗೆಯ ಮೇಲೆ ಒಣಗಿಸುತ್ತೇವೆ. ಮಕ್ಕಳು ಗೋಡೆಗೆ ಕಿವಿಯಿಟ್ಟು ಅಲೆಯ ಸದ್ದು ಕೇಳುತ್ತಾರೆ. ಗೋಡೆಯ ಹೊರಮೈಯನ್ನು ಕಾಯುವುದು ನೀರ್ಗಣ್ಣು, ಅಂದರೆ ಶಬ್ದ ಕಳಿಸಿ, ಅದರ ಮಾರ್ದನಿಯಿಂದ ಚಿತ್ರ ಬಿಡಿಸುವ ಯಂತ್ರ. ಅದನ್ನು ನೋಡಿಕೊಳ್ಳುತ್ತಿದ್ದವನು ನನ್ನ ಅಣ್ಣ ಹೊನ್ನಪ್ಪ.

ಚಿತ್ರದ ಅಡಿಗೂ ಬದಿಗೂ ಅಂಕಿಗಳ ಸಾಲು ಇರುತ್ತದೆ. ಅದೇ ಅಕ್ಷ. ತಾನಾಗಿ ಅದು ಚಿತ್ರದ ಚುಕ್ಕಿಗಳನ್ನಷ್ಟೇ ಎಣಿಸುತ್ತದೆ. ಊರವರಿಗೆ ತಿಳಿಯಲೆಂದು ಅಣ್ಣ, ಚುಕ್ಕಿಗೆ ಒಂದು ಮಿಲಿಮೀಟರ್ ಎಂದು ಅಳತೆ ಹಾಕಿದ್ದ. ಈ ಮಳೆಗಾಲಕ್ಕೆ ಮೊದಲು ಹೊಸ ಕಣ್ಣು ಕೂಡಿಸಿದರು. ಅದರ ಒಂದು ಚುಕ್ಕಿ ಎರಡು ಮಿಲಿಮೀಟರ್. ಅಕ್ಷದ ಮೇಲೆ ಮಾತ್ರ ಹಳೆಯ ಅಳತೆಯೇ ಉಳಿಯಿತು.

ಗೋಡೆಯಲ್ಲಿ ಬಿರುಕು ಕಂಡಾಗ ಅಕ್ಷ ಅದನ್ನು ಒಂದು ಗೇಣು ಎಂದು ತೋರಿಸಿತು. ನೀರಿಗಿಳಿದು ಗೋಡೆ ರಿಪೇರಿ ಮಾಡುವ ತುಳಸು, ತೇಪೆಯ ಹಲಗೆ ಕತ್ತರಿಸುವ ಮೊದಲು ನಮ್ಮ ಅಂಗಳಕ್ಕೇ ಬಂದು ಕೇಳಿದಳು.

"ಹೊನ್ನಣ್ಣಾ, ಕಣ್ಣು ಬದಲಾಯ್ತಲ್ಲ. ಅಳತೆನೂ ಬದಲು ಮಾಡಿದ್ಯಾ?"

ಊರ ಹಿರಿಯರು ಕೂತಿದ್ದರು. ಮರೆತೆ ಅನ್ನಲು ಅಣ್ಣನಿಗೆ ಬಾಯಿ ಬರಲಿಲ್ಲ.

"ಮಾಡಿದ್ದೆ ಮಾರಾಯ್ತಿ. ಅದನ್ನೂ ನೀ ಹೇಳ್ಕೊಡಬೇಕಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಲಗೆ ಬಿರುಕಿನ ಅರ್ಧವನ್ನಷ್ಟೇ ಮುಚ್ಚಿತು. ನುಗ್ಗುವ ನೀರು ಅದನ್ನು ಒಳಕ್ಕೆ ಎಳೆಯಿತು, ಜೊತೆಗೆ ತುಳಸುವಿನ ಬಲಗೈಯನ್ನೂ. ದೊಡ್ಡ ಹಲಗೆ ಬರುವ ತನಕ ಜೊತೆಗಾರರು ಅವಳ ಸೊಂಟ ಹಿಡಿದುಕೊಂಡಿದ್ದರಂತೆ. ಊರು ಉಳಿಯಿತು. ಕೈ ಉಳಿಯಲಿಲ್ಲ.

ಜನ ಹೊಸ ಕಣ್ಣನ್ನು ಬೈದರು. ಅಣ್ಣ ಸುಮ್ಮನಿದ್ದ. ಅವನು ಸರಿಯಾಗಿ ಉಣ್ಣುತ್ತಿಲ್ಲವೆಂದು ನಾವು ಮನೆಯವರು ಮರುಗಿದೆವೇ ಹೊರತು, ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಕೇಳದೆಯೇ ನಮಗೆ ಗೊತ್ತಿತ್ತು.

ಗಾಯ ಒಣಗಿದ ಮೇಲೆ ತುಳಸು ಬಂದಳು. ಜಗಲಿಯ ಮೇಲೆ ಅವನ ಎದುರಿಗೇ ಕೂತಳು.

"ಕಣ್ಣಿನ ತಪ್ಪಲ್ಲ ಅಂತ ನಂಗೊತ್ತು. ನಾ ಯಾರಿಗೂ ಹೇಳೂದಿಲ್ಲ. ನೀನೇ ಹೇಳು."

ಅಣ್ಣ ಎದ್ದು ಅದೇ ಹಿರಿಯರನ್ನು ಅಂಗಳಕ್ಕೆ ಕರೆಸಿ, ಅವರ ಮುಂದೆ ನಿಂತು, ಅಳತೆ ಬದಲಿಸಲು ಮರೆತದ್ದನ್ನೂ ಸುಳ್ಳಾಡಿದ್ದನ್ನೂ ಹೇಳಿದ. ಆಗ ಯಾರೂ ಅವನ ಮುಖ ನೋಡಲಿಲ್ಲ. ನಾನು ತುಳಸುವಿನ ಮುಖ ನೋಡಲಾರದೆ ಒಳಗೆ ಹೋದೆ; ಇವತ್ತಿಗೂ ಅವಳು ಎದುರು ಬಂದರೆ ದಾರಿ ಬದಲಿಸುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಕಣ್ಣು ಬದಲಾದ ಕೂಡಲೇ ಅಕ್ಷದ ಅಂಕಿಗಳು ಅಳಿಸಿಹೋಗುವಂತೆ ಬರೆಯಿರಿ. ಅಂಕಿಯೇ ಇಲ್ಲದ ಚಿತ್ರದ ಮುಂದೆ ನನ್ನ ಅಣ್ಣನಂಥವನೂ ಗೊತ್ತಿಲ್ಲ ಅನ್ನಲೇಬೇಕಾಗುತ್ತದೆ. ನೀವು ಹಾಗೆ ಬರೆದರೆ, ಇಲ್ಲಿ ಒಬ್ಬಳಿಗೆ ಎರಡೂ ಕೈ ಇರಬಹುದು.

ತಲೆ ತಗ್ಗಿಸಿ,
ಕಮಲಾಕ್ಷಿ ಹರಿಕಂತ್ರ