ಹೆಸರು ಹಿಡಿದು ಕರೆಯುವವಳು

ಜೂನ್ ೩, ಮಂಗಳವಾರ. ಬೆಳಿಗ್ಗೆ

ಮೋಟಾರ್ ಆಫ್ ಮಾಡಲು ಮರೆತೆ. ಟ್ಯಾಂಕ್ ತುಂಬಿ ಮೆಟ್ಟಿಲೆಲ್ಲ ನೀರು. ಕಾರಣ ಮೇಲಿನ ಮನೆಗೆ ಬಾಡಿಗೆಗೆ ಬಂದ ಹುಡುಗಿ, ಸಿಂಚನಾ. ಟೆರೇಸಿನಿಂದ ನಮ್ಮ ಯಜಮಾನರನ್ನು ಹೆಸರು ಹಿಡಿದು ಕರೆದಳು. ‘———, ಕಾಫಿ ಕುಡೀತೀರಾ?’

ಹೆಸರಿದ್ದ ಕಡೆ ಗೆರೆ ಎಳೆದಿದ್ದೇನೆ. ಬರೆಯಲೂ ಕೈ ಬಾರದು. ಮದುವೆಯ ದಿನ ನಾದಿನಿಯರು ಹೊಸಿಲಿಗೆ ಅಡ್ಡ ನಿಂತಾಗ ಒಂದೇ ಸಲ ಹೇಳಿದ್ದು, ಅದೂ ಸೆರಗಿನೊಳಗೆ. ಆಮೇಲೆ ಇಪ್ಪತ್ತು ವರ್ಷ ಬರೀ ‘ರೀ’. ಬ್ಯಾಂಕಿನಲ್ಲಿ ಕೇಳಿದರೆ ಅವರ ಆಧಾರ್ ಕಾರ್ಡ್ ಮುಂದಿಡುತ್ತೇನೆ.

ಇವಳು ಬಂದು ಇನ್ನೂ ತಿಂಗಳಾಗಿಲ್ಲ!

ಜೂನ್ ೪

ಇವರನ್ನು ಕೇಳಿಯೇ ಬಿಟ್ಟೆ. ‘ನಾನೇ ಹೇಳ್ದೆ ಕಣೇ, ಅಂಕಲ್ ಅನ್ಬೇಡ, ಹೆಸರಿಡಿದೇ ಕರಿ ಅಂತ. ಅವಳ ಓದು ಹಂಗಿದೆ’ ಎಂದರು. ಮುಖದಲ್ಲಿ ಮದುಮಗನ ಕಳೆ.

ಓದು ಏನೆಂದರೆ — ದೇಶ ದೇಶಗಳನ್ನೇ ತಕ್ಕಡಿಗೆ ಹಾಕುವುದಂತೆ. ಎಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಎಷ್ಟು ದೂರ, ಎಲ್ಲಿಯ ಜನ ‘ನಾನು’ ಎನ್ನುತ್ತಾರೆ, ಎಲ್ಲಿಯವರು ‘ನಾವು’... ಒಂದೊಂದಕ್ಕೂ ಮಾರ್ಕ್ಸು. ಹಾಲೆಂಡಿನಲ್ಲಿ ಓದಿ ಬಂದವಳು. ಅಲ್ಲಿ ಬಾಸನ್ನೂ ಹೆಸರು ಹಿಡಿದೇ ಕರೆಯುತ್ತಾರಂತೆ. ಈಗ ನಾಗರಬಾವಿಯ ಹಳೇ ಮನೆತನಗಳನ್ನು ಅಳೆಯುತ್ತಾಳೆ. ಮೊದಲ ಮನೆ ನಮ್ಮದು. ಕತೆಗಳಲ್ಲಿ ಸವತಿ ಸಿಂಗಾರ ಮಾಡಿಕೊಂಡು ಬರುತ್ತಾಳೆ. ಇವಳು ರೆಂಟ್ ಅಗ್ರಿಮೆಂಟ್ ಹಿಡಿದುಕೊಂಡು ಬಂದಳು.

ಅತ್ತೆಗೆ ದೂರು ಕೊಟ್ಟೆ. ‘ಗಂಡನ ಹೆಸ್ರು ಹೇಳುದ್ರೆ ಆಯಸ್ಸು ಕಮ್ಮಿ ಅನ್ನದು ಎಂಡ್ರು ಹೇಳುದ್ರೆ ಕಣವ್ವ. ಬಾಡಿಗೇವ್ರು ಹೇಳುದ್ರೆ ಏನಾಗಕಿಲ್ಲ’ ಎಂದರು.

ಜೂನ್ ೮, ಭಾನುವಾರ

ಸಂಜೆಯೆಲ್ಲ ಟೆರೇಸಿನಲ್ಲಿ ಇಬ್ಬರ ಮಾತು. ಇಂಟರ್‌ವ್ಯೂ ಅಂತೆ. ನಗು ಬೇರೆ. ಬಟ್ಟೆ ತೆಗೆಯುವ ನೆಪದಲ್ಲಿ ಹೋದೆ. ಒಣಗದ್ದನ್ನೂ ತೆಗೆದೆ. ಲೇಔಟಿಗೆ ಹೊಲ ಹೋದ ದಿನ ಬದುವಿನ ಮೇಲೆ ಕೂತು ಅತ್ತಿದ್ದನ್ನು ಅವಳಿಗೆ ಹೇಳುತ್ತಿದ್ದರು.

ಇವರು ಅತ್ತಿದ್ದು ನನಗೆ ಗೊತ್ತೇ ಇರಲಿಲ್ಲ. ನನ್ನ ಹತ್ತಿರ ಇವರ ಮಾತು ಇಷ್ಟೇ — ‘ಉಪ್ಪು ಕಮ್ಮಿ.’

ಜೂನ್ ೧೦. ಮಧ್ಯಾಹ್ನ

ನನ್ನ ಸರದಿ.

‘ಆಂಟಿ, ಮನೇಲಿ ಕೊನೇ ಮಾತು ಯಾರದು?’

‘ನಂದೇ’ ಎಂದೆ. ಶುದ್ಧ ಸುಳ್ಳು.

‘ಹೌದಾ? ——— ಇಬ್ರೂ ಸಮ ಅಂದ್ರಲ್ಲ!’

‘ಸಮ ಅಂದ್ರಾ? ಹಂಗಾದ್ರೆ ಅವ್ರಿಗೆ ಹೆಸರು, ನಂಗ್ಯಾಕಮ್ಮ ಆಂಟಿ?’

ಬಿದ್ದು ಬಿದ್ದು ನಕ್ಕಳು. ‘ಅಯ್ಯೋ, ನಿಮ್ಮನ್ನ ಹೆಂಗೆ ಹೆಸರಿಡಿದು ಕರೀಲಿ ಆಂಟಿ! ಬೇಕಾದ್ರೆ ನೀವೂ ಅವರನ್ನ ಕರೀರಿ. ಯಾರ್ ಬೇಡ ಅಂತಾರೆ?’

ಹುಡುಗಿ ಕೆಟ್ಟವಳಲ್ಲ. ಸಂಕಟ ಅದೇ. ಕೆಟ್ಟವಳಾಗಿದ್ದರೆ ಬೈದುಕೊಂಡು ಹಾಯಾಗಿರಬಹುದಿತ್ತು. ಹೋಳಿಗೆ ಕೊಟ್ಟು ಕಳಿಸಿದೆ. ಸೀದಿದ್ದನ್ನು ಆರಿಸಿ ಕೊಟ್ಟೆ.

ಜೂನ್ ೨೫

ಅಭ್ಯಾಸ ಮಾಡುತ್ತಿದ್ದೇನೆ. ಮಿಕ್ಸಿ ಹಾಕಿ ಅದರ ಸದ್ದಿನಲ್ಲಿ. ಇಷ್ಟು ದಿನ ಮೊದಲಕ್ಷರಕ್ಕೇ ನಾಲಿಗೆ ಮುಗ್ಗರಿಸುತ್ತಿತ್ತು. ಇವತ್ತು ಪೂರ್ತಿ ಬಂತು.

ಯೋಗಾನಂದ.

ಬರೆದೂ ಬಿಟ್ಟೆ! ಸೂರೇನೂ ಕುಸಿಯಲಿಲ್ಲ. ಇವರು ಹಾಲ್‌ನಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಆಯಸ್ಸಿಗೇನೂ ಆದಂತಿಲ್ಲ.

ಒಂದು ಸಲ ನನ್ನ ಬಾಯಿಂದ ಕೇಳಲಿ. ಆಮೇಲೆ ಅವಳು ಎಷ್ಟು ಬೇಕಾದರೂ ಕರೆದುಕೊಳ್ಳಲಿ.

ಜುಲೈ ೬, ಭಾನುವಾರ

ನಾದಿನಿಯ ಮನೆಗೆ ಹೊರಟಿದ್ದೆವು. ಅತ್ತಿಗುಪ್ಪೆ ಮೆಟ್ರೋ. ಇವರು ಎಂದಿನಂತೆ ಮುಂದೆ, ನಾನು ಹಿಂದೆ. ನಡುವೆ ಜನ ನುಗ್ಗಿದರು. ‘ರೀ’ ಎನ್ನಲು ಹೋದೆ. ಎಷ್ಟು ಜನರ ಗಂಡಂದಿರಿಲ್ಲ ಅಲ್ಲಿ!

‘ಯೋಗಾನಂದ!’

ಗಟ್ಟಿಯಾಗಿಯೇ ಬಂತು.

ಥಟ್ಟನೆ ತಿರುಗಿದರು. ಆ ಮುಖ! ದೀಪ ಹಚ್ಚಿಟ್ಟ ಹಾಗೆ. ಇಪ್ಪತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ. ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹೋಯಿತು. ಎಡಕ್ಕೆ, ಬಲಕ್ಕೆ ಹುಡುಕಿತು.

‘ಸಿಂಚನಾ ಕರೆದಂಗಾಯ್ತಲ್ಲೇ. ಅವಳೂ ಬಂದವ್ಳಾ?’

ಇಲ್ಲ ಎಂದೆ. ಕರೆದದ್ದು ನಾನು ಎನ್ನಬೇಕಿತ್ತು. ಅಷ್ಟರಲ್ಲಿ ಆ ಮುಖದ ದೀಪ ಆರಿಹೋಗಿತ್ತು.